ಟ್ಯಾಂಕ್ ತೊಳೆದರೆ ಸಾಲದು, ಹೊಸ ಮೀನನ್ನು ಮೊದಲು ಹೊರಗೆ ನಿಲ್ಲಿಸಿ

"ಅಣ್ಣ, ನಾಳೆ ಹೊಸ ಮೀನು ತರ್ತಾ ಇದ್ದೇನೆ. ಟ್ಯಾಂಕಿಗೆ ಬ್ಲೀಚಿಂಗ್ ಹಾಕಿ ತೊಳೀಬೇಕಾ? ಎಷ್ಟು ಹಾಕ್ಬೇಕು?"

ತಿಂಗಳಿಗೆ ಎರಡು-ಮೂರು ಸಲವಾದರೂ ನನ್ನ ಮೊಬೈಲಿಗೆ ಈ ಮೆಸೇಜ್ ಬರುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹುಡುಗರೇ ಹೆಚ್ಚು. ಮನೆಯ ಚಾವಡಿಯಲ್ಲಿ ಎರಡಡಿಯ ಗಾಜಿನ ಟ್ಯಾಂಕ್ ಇಟ್ಟವರಿದ್ದಾರೆ. ತೋಟದ ಬದಿಯಲ್ಲಿ ಸಿಮೆಂಟ್ ತೊಟ್ಟಿ, ಹಳೆ ಫ್ರಿಜ್ ಡಬ್ಬ ಮಲಗಿಸಿ ಗಪ್ಪಿ, ಮೋಲಿ ಮರಿ ಮಾಡಿ ನಾಲ್ಕು ಕಾಸು ನೋಡುವವರೂ ಇದ್ದಾರೆ. ನಾನು ಎರಡನೇ ಗುಂಪಿನವನು.

ನನ್ನ ಉತ್ತರ ಪ್ರತಿಸಲವೂ ಒಂದೇ. ಆರೋಗ್ಯವಾಗಿರುವ ಟ್ಯಾಂಕಿಗೆ ಬ್ಲೀಚಿಂಗ್ ಬೇಡ. ಹೊಸ ಮೀನಿಗೆ ಮೂರು-ನಾಲ್ಕು ವಾರ ಬೇರೆ ಟಬ್ ಬೇಕು. ಇದನ್ನು ಹೇಳಿದರೆ ಹೆಚ್ಚಿನವರಿಗೆ ನಿರಾಶೆ. ಬ್ಲೀಚಿಂಗ್ ಅಂದರೆ ಅರ್ಧ ದಿನದ ಕೆಲಸ, ಟಬ್ ಅಂದರೆ ಒಂದು ತಿಂಗಳ ಕಾಯುವಿಕೆ. ಆದರೂ ಯಾಕೆ ಹಟ ಹಿಡಿದು ಹೇಳ್ತೇನೆ ಅಂದರೆ, ನಾನು ಇದನ್ನು ಉಲ್ಟಾ ಮಾಡಿ ಕೈ ಸುಟ್ಟುಕೊಂಡವನು.

ತೊಳೆದ ತೊಟ್ಟಿಯಲ್ಲೇ ಮೀನು ಸತ್ತದ್ದು

ಎರಡು ವರ್ಷದ ಹಿಂದೆ, ಆಟಿ ತಿಂಗಳ ಮಳೆ. ಅಂಗಡಿಯೊಂದರಲ್ಲಿ ಆರು ಕಪ್ಪು ಮೋಲಿ ಕಂಡಿತು, ಚಂದ ಇತ್ತು, ತಂದೆ. "ಹೊಸಬರು ಬರುವಾಗ ಮನೆ ಶುದ್ಧ ಇರಬೇಕು" ಅಂತ ಹಿಂದಿನ ದಿನವೇ ಗಪ್ಪಿಗಳನ್ನು ಬಾಲ್ದಿಗೆ ಹಾಕಿ, ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಫಿಲ್ಟರಿನ ಸ್ಪಂಜನ್ನೂ ಅದರಲ್ಲೇ ಅದ್ದಿ ತೊಳೆದೆ. ಹೊಸ ನೀರು ತುಂಬಿಸಿದೆ. ಹಳೆ ಗಪ್ಪಿ, ಹೊಸ ಮೋಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟೆ. ತೊಟ್ಟಿ ಕನ್ನಡಿಯ ಹಾಗೆ ಹೊಳೀತಿತ್ತು.

ಮೂರನೇ ದಿನ ಗಪ್ಪಿಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಐದನೇ ದಿನ ಒಂದು ಮೋಲಿಯ ಬಾಲದಲ್ಲಿ ರವೆ ಕಾಳಿನಷ್ಟು ಬಿಳಿ ಚುಕ್ಕೆ. ಮತ್ತೆರಡು ದಿನದಲ್ಲಿ ಎಲ್ಲ ಮೀನಿನ ಮೈಯಲ್ಲೂ ಉಪ್ಪು ಉದುರಿಸಿದ ಹಾಗೆ. ಹತ್ತು ದಿನ ಕಳೆಯುವಾಗ ಇನ್ನೂರು ಮೀನಿನಲ್ಲಿ ಉಳಿದದ್ದು ಮೂವತ್ತು.

ನನ್ನ ನಷ್ಟ ಇಷ್ಟೇ ಆಗಿದ್ದರೆ ಬೇರೆ ಮಾತು. ಚುಕ್ಕೆ ಕಾಣುವ ಮೊದಲೇ ಆ ತೊಟ್ಟಿಯಿಂದ ಇಪ್ಪತ್ತು ಜೊತೆ ಮೂಡುಬಿದಿರೆಯ ಒಬ್ಬರಿಗೆ ಮಾರಿದ್ದೆ. ಐದು ಜೊತೆ ಬೆಳ್ತಂಗಡಿಯ ಅತ್ತಿಗೆಯ ಮಗನಿಗೆ ಸುಮ್ಮನೆ ಕೊಟ್ಟಿದ್ದೆ. ಅವನಿಗೆ ಹನ್ನೊಂದು ವರ್ಷ, ಮೊದಲ ಟ್ಯಾಂಕ್.

ಮೀನುಗಾರಿಕಾ ಕಾಲೇಜಿನಲ್ಲಿ ಓದಿದ ಭಾವ ಒಬ್ಬರಿದ್ದಾರೆ. ಅವರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿ, "ಭಾವಾ, ನೀನು ಹಟ್ಟಿ ತೊಳೆದೆ, ಜ್ವರ ಬಂದ ದನವನ್ನು ಒಳಗೆ ಕಟ್ಟಿದೆ. ಇನ್ನು ಹಟ್ಟಿಯ ತಪ್ಪು ಹುಡುಕಿದರೆ ಎಂತ ಪ್ರಯೋಜನ?" ಅಂದರು.

ಬ್ಲೀಚಿಂಗ್ ಎರಡು ಕಡೆ ಪೆಟ್ಟು ಕೊಟ್ಟಿತು

ಭಾವ ಹೇಳಿದ್ದನ್ನು, ಆಮೇಲೆ ನಾನು ಓದಿ, ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಹೇಳ್ತೇನೆ.

ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಹೊರಗೆ ಬರುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತರೂ ಅಮೋನಿಯಾ. ಇದು ಮೀನಿಗೆ ವಿಷ. ಫಿಲ್ಟರಿನ ಸ್ಪಂಜು, ಕಲ್ಲು, ಗೋಡೆಯಲ್ಲಿ ಅಂಟಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳು ಇದನ್ನು ಮೊದಲು ನೈಟ್ರೈಟ್, ಆಮೇಲೆ ಹೆಚ್ಚು ಅಪಾಯ ಇಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಸರಿಯಾಗಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾನು ಅರ್ಧ ಗಂಟೆಯಲ್ಲಿ ಅಷ್ಟನ್ನೂ ಕೊಂದಿದ್ದೆ. ಗಪ್ಪಿಗಳು ಬಾಯಿ ಬಿಟ್ಟದ್ದು ಅದಕ್ಕೆ. ತೋಟಕ್ಕೆ ಜೀವಾಮೃತ ಹಾಕಿ ಮಣ್ಣಿನ ಜೀವಾಣು ಉಳಿಸಬೇಕು ಅಂತ ಹೇಳುವ ನಾನೇ ತೊಟ್ಟಿಯಲ್ಲಿ ಹೀಗೆ ಮಾಡಿದ್ದು.

ಎರಡನೆಯದು ಬಿಳಿ ಚುಕ್ಕೆ ರೋಗ. ಇದಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಎನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಪರೋಪಜೀವಿ. ಹೆಸರು ಉದ್ದ, ಮೀನು ಸಾಕುವವರು ಚಿಕ್ಕದಾಗಿ 'ಇಕ್' ಅಂತಾರೆ. ಮೀನಿನ ಚರ್ಮದ ಒಳಗೆ ಕೂತು ಬೆಳೆಯುತ್ತದೆ, ಬಲಿತ ಮೇಲೆ ಕಳಚಿ ತಳಕ್ಕೆ ಬೀಳುತ್ತದೆ, ಅಲ್ಲಿ ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಎರಡು-ಮೂರು ದಿನದೊಳಗೆ ಇನ್ನೊಂದು ಮೀನನ್ನು ಹಿಡಿಯಬೇಕು, ಇಲ್ಲದಿದ್ದರೆ ಸಾಯುತ್ತವೆ. ನಮ್ಮ ಕಡೆಯ ಮಳೆಗಾಲದ ನೀರಿನಲ್ಲಿ ಈ ಒಂದು ಸುತ್ತು ಸುಮಾರು ಒಂದು ವಾರದ್ದು.

ಮೋಲಿ ತಂದ ದಿನ ಚುಕ್ಕೆ ಇರಲಿಲ್ಲ. ರೋಗ ಕಿವಿರಿನ ಒಳಗೆ ಕೂತಿದ್ದರೆ, ಅಥವಾ ಆಗಷ್ಟೇ ಹಿಡಿದಿದ್ದರೆ, ಎಷ್ಟು ಹುಷಾರಿನವನಿಗೂ ಕಾಣುವುದಿಲ್ಲ. "ಅಂಗಡಿಯಲ್ಲಿ ನೋಡಿಯೇ ತಂದೆ" ಎನ್ನುವ ಮಾತಿಗೆ ಹಾಗಾಗಿ ಬೆಲೆ ಇಲ್ಲ. ಅಂಗಡಿಯವರನ್ನು ಬೈದು ಸಹ ಪ್ರಯೋಜನವಿಲ್ಲ. ದಕ್ಷಿಣ ಭಾರತದ ಅಲಂಕಾರಿಕ ಮೀನಿನ ದೊಡ್ಡ ಕೇಂದ್ರ ಚೆನ್ನೈಯ ಕೊಳತ್ತೂರು. ಅಂಥ ಕಡೆಯಿಂದ ಮೀನು ಪ್ಲಾಸ್ಟಿಕ್ ಚೀಲದಲ್ಲಿ, ಬಸ್ಸಿನಲ್ಲಿ, ನಾಲ್ಕಾರು ಕೈ ದಾಟಿ ಬರುತ್ತದೆ. ದಾರಿಯಲ್ಲಿ ಸುಸ್ತಾಗಿ ಶಕ್ತಿ ಕಳೆದುಕೊಂಡ ಮೀನಿಗೆ ರೋಗ ಹಿಡಿಯುವುದು ಸುಲಭ.

ಬೇರೆ ಟಬ್ ಅಂದರೆ ದೊಡ್ಡ ಖರ್ಚಲ್ಲ

ಮೂವತ್ತು-ನಲವತ್ತು ಲೀಟರಿನ ಒಂದು ಪ್ಲಾಸ್ಟಿಕ್ ಟಬ್, ಸಣ್ಣ ಏರೇಟರ್, ಒಂದು ಸ್ಪಂಜ್ ಫಿಲ್ಟರ್, ಮೀನು ಅಡಗಲು ಪಿವಿಸಿ ಪೈಪಿನ ತುಂಡು, ಮುಚ್ಚಲು ಬಲೆ. ಮುಖ್ಯವಾಗಿ ಆ ಟಬ್ಬಿಗೇ ಅಂತ ಬೇರೆ ಗಾಳಿಬಲೆ, ಬೇರೆ ಮಗ್ಗು, ಬೇರೆ ಪೈಪು. ಒಂದು ಉಪಾಯ: ಈ ಸ್ಪಂಜ್ ಫಿಲ್ಟರನ್ನು ಒಂದು ತಿಂಗಳ ಮೊದಲೇ ಆರೋಗ್ಯವಾಗಿರುವ ಹಳೆ ಟ್ಯಾಂಕಿನಲ್ಲಿ ಓಡಿಸುತ್ತಾ ಇರಿ. ಹೊಸ ಮೀನು ಬರುವ ದಿನ ಟಬ್ಬಿಗೆ ಬದಲಿಸಿದರೆ ಬ್ಯಾಕ್ಟೀರಿಯಾ ರೆಡಿ ಇರುತ್ತದೆ. ಅಲ್ಲಿಂದ ಅದನ್ನು ಹಾಗೆಯೇ ಹಳೆ ಟ್ಯಾಂಕಿಗೆ ವಾಪಸ್ ಹಾಕಬಾರದು.

ಮೀನಿನ ಚೀಲವನ್ನು ಹದಿನೈದು-ಇಪ್ಪತ್ತು ನಿಮಿಷ ಟಬ್ಬಿನ ನೀರಿನಲ್ಲಿ ತೇಲಿಬಿಡಿ, ಸ್ವಲ್ಪ ಸ್ವಲ್ಪವೇ ಟಬ್ಬಿನ ನೀರು ಚೀಲಕ್ಕೆ ಸೇರಿಸಿ, ಆಮೇಲೆ ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಯಾವ ಟ್ಯಾಂಕಿಗೂ ಹೋಗಬಾರದು.

ಮೂರರಿಂದ ನಾಲ್ಕು ವಾರ ನೋಡಿ. ಪ್ರತಿದಿನ ಮೊದಲು ಹಳೆ ಟ್ಯಾಂಕಿನ ಕೆಲಸ, ಕೊನೆಗೆ ಟಬ್ಬಿನ ಕೆಲಸ, ಆಮೇಲೆ ಸೋಪು ಹಾಕಿ ಕೈ ತೊಳೆಯುವುದು. ಮೈ ಉಜ್ಜುತ್ತದಾ, ರೆಕ್ಕೆ ಮಡಚಿಕೊಂಡಿದೆಯಾ, ಊಟ ಬಿಟ್ಟಿದೆಯಾ, ಹಿಕ್ಕೆ ಬಿಳಿ ನೂಲಿನ ಹಾಗಿದೆಯಾ ಅಂತ ಗಮನಿಸಿ. ಮೊಬೈಲಿನಲ್ಲಿ ದಿನಕ್ಕೊಂದು ಫೋಟೋ ತೆಗೆದಿಟ್ಟರೆ ಬದಲಾವಣೆ ಬೇಗ ಗೊತ್ತಾಗುತ್ತದೆ. ಗಪ್ಪಿ, ಮೋಲಿಯಲ್ಲಿ ಬಿಳಿ ಚುಕ್ಕೆ ಕಂಡರೆ ಲೀಟರಿಗೆ 2-3 ಗ್ರಾಂ ಕಲ್ಲುಪ್ಪನ್ನು ಒಂದೇ ಸಲ ಸುರಿಯದೆ ಎರಡು ದಿನದಲ್ಲಿ ಹಂತ ಹಂತವಾಗಿ ಸೇರಿಸಬಹುದು. ಹುರುಪೆ ಇಲ್ಲದ ಮೀನುಗಳಿಗೆ ಉಪ್ಪು ಅಷ್ಟು ತಡೆಯದು, ಅವಕ್ಕೆ ಕೇಳಿಯೇ ಮಾಡಿ.

ರೋಗವೇ ಇಲ್ಲದೆ ಮದ್ದು ಹಾಕಬೇಡಿ. ಮನುಷ್ಯರ ಆಂಟಿಬಯೋಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಸುರಿಯುವ ವಿಡಿಯೋಗಳು ಬರ್ತಾ ಇವೆ. ಬಿಳಿ ಚುಕ್ಕೆಗೆ ಅದು ನಾಟುವುದೇ ಇಲ್ಲ. ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತದೆ, ಮದ್ದಿಗೆ ಬಗ್ಗದ ರೋಗಾಣು ಬೆಳೆಯುತ್ತದೆ, ಅಷ್ಟೆ.

ಹಾಗಾದರೆ ಬ್ಲೀಚಿಂಗ್ ಯಾವಾಗ?

ಮೂರು ಸಂದರ್ಭದಲ್ಲಿ ಬೇಕು. ರೋಗ ಬಂದು ಮೀನು ಸತ್ತು ಟ್ಯಾಂಕ್ ಖಾಲಿಯಾದಾಗ, ಹಳೆ ಟ್ಯಾಂಕ್ ಬೇರೆಯವರಿಂದ ಕೊಂಡಾಗ, ಒಂದು ಸಲ ಬಳಸಿದ ಟಬ್ಬನ್ನು ಇನ್ನೊಂದು ತಂಡಕ್ಕೆ ಬಳಸುವಾಗ. ಟ್ಯಾಂಕಿನಲ್ಲಿ ಮೀನು ಇರುವಾಗ ಎಂದಿಗೂ ಇಲ್ಲ.

ಮಾಡುವ ಕ್ರಮ ಹೀಗೆ. ಮೊದಲು ಮಣ್ಣು, ಪಾಚಿ, ಕೊಳೆ ಎಲ್ಲ ಉಜ್ಜಿ ತೆಗೆಯಿರಿ. ಕೊಳೆ ಇದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ. ಸ್ಪಂಜು ಎಸೆಯಿರಿ, ಹೊಸದಕ್ಕೆ ದೊಡ್ಡ ಹಣವಿಲ್ಲ. ಆಮೇಲೆ ನೀರು ತುಂಬಿಸಿ, 10 ಲೀಟರಿಗೆ 7 ಗ್ರಾಂ ಲೆಕ್ಕದಲ್ಲಿ ಹೊಸ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿ. 30 ಶೇಕಡಾ ಕ್ಲೋರಿನ್ ಇರುವ ಪೌಡರಿನಲ್ಲಿ ಇದು ಸುಮಾರು 200 ಪಿಪಿಎಂ ಆಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 54 ಲೀಟರ್, ಅದಕ್ಕೆ 38 ಗ್ರಾಂ ಸಾಕು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಅಂದಾಜಿನಲ್ಲಿ ಹಾಕಬೇಡಿ, ತೂಗಿ ಹಾಕಿ. ಕಳೆದ ವರ್ಷದ ಗಟ್ಟಿಯಾದ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದನ್ನು ನಂಬಬೇಡಿ.

ಒಂದು ಗಂಟೆ ಬಿಟ್ಟು ಚೆಲ್ಲಿ, ಎರಡು-ಮೂರು ಸಲ ತೊಳೆದು, ಎರಡು-ಮೂರು ದಿನ ಚೆನ್ನಾಗಿ ಒಣಗಿಸಿ. ಅಂಗಳದ ಬಿಸಿಲು ಸಾಕು. ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಡಿ ಇಡಿ. ಬಿಳಿ ಚುಕ್ಕೆಯ ಪರೋಪಜೀವಿಗೆ ಪೂರ್ತಿ ಒಣಗಿದರೇ ಸಾವು. ಮರುಬಳಕೆಗೆ ಮೊದಲು ನೀರಿನಲ್ಲಿ ಕ್ಲೋರಿನ್ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಸಿಗುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್, ಅದನ್ನು ಹೊಸ ನೀರಿಗೆ ಹಾಕಬಹುದು. ಆಮೇಲೆ ಟ್ಯಾಂಕ್ ಹೊಸದರ ಲೆಕ್ಕ. ನಾಲ್ಕಾರು ಮೀನಿನಿಂದ ಶುರು, ಕಡಿಮೆ ಆಹಾರ, ಆಗಾಗ ಕಾಲುಭಾಗ ನೀರು ಬದಲಾವಣೆ.

ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್ ಯಾವುದನ್ನೂ ಬೆರೆಸಬೇಡಿ. ಕ್ಲೋರಿನ್ ಗಾಳಿ ಎದ್ದು ಮನುಷ್ಯರ ಶ್ವಾಸಕೋಶಕ್ಕೇ ಅಪಾಯ. ಕೈಯಲ್ಲಿ ಗಾಯ ಇರುವಾಗ ರೋಗದ ಟ್ಯಾಂಕಿಗೆ ಕೈ ಹಾಕಬೇಡಿ. ಮೀನಿನ ಕ್ಷಯ ಅಂತ ಕರೆಯುವ ರೋಗದ ಬ್ಯಾಕ್ಟೀರಿಯಾ ಗಾಯದ ಮೂಲಕ ನಮ್ಮ ಚರ್ಮಕ್ಕೂ ಹತ್ತುತ್ತದೆ. ಬ್ಲೀಚಿಂಗಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಅಡಿಕೆ ಸುಲಿದು ಬೆರಳು ಕೊಯ್ದುಕೊಂಡವರು ಗ್ಲೌಸ್ ಹಾಕಿ.

ಅಡಿಕೆ ತೋಟದವರಿಗೆ ಒಂದು ಬೇರೆ ಮಾತು

ನಮ್ಮಲ್ಲಿ ಮೀನು ಸಾಯಲು ರೋಗವೇ ಬೇಕೆಂದಿಲ್ಲ. ಕೊಳೆರೋಗಕ್ಕೆ ಬಿಡುವ ಬೋರ್ಡೋ ಎಲ್ಲರ ಮನೆಯಲ್ಲೂ ಉಂಟು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರ, ತಾಮ್ರ ಮೀನಿನ ಕಿವಿರಿಗೆ ವಿಷ. ಮುರಕಲ್ಲಿನ ಬಾವಿಯ ಮೆದು ನೀರಿನಲ್ಲಿ ಅದರ ವಿಷ ಗಡಸು ನೀರಿಗಿಂತ ಇನ್ನೂ ಜೋರು. ಮದ್ದು ಕಲಸಿದ ಡ್ರಮ್ಮು, ಬಾಲ್ದಿ, ಪೈಪು ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ಬೇಡ. ಮದ್ದು ಬಿಡುವ ದಿನ ತೋಟದ ಬದಿಯ ತೊಟ್ಟಿಗೆ ಟರ್ಪಾಲ್ ಮುಚ್ಚಿ.

ಮಳೆಗಾಲದ ಆಚೀಚೆ ಬಾವಿಗೆ ಬ್ಲೀಚಿಂಗ್ ಹಾಕುತ್ತಾರಲ್ಲ, ಅದೂ ನೆನಪಿರಲಿ. ಸಾವಿರ ಲೀಟರಿಗೆ 2.5 ಗ್ರಾಂ ಅಂದರೆ ನಮಗೆ ಕುಡಿಯಲು ಸರಿ, ಮೀನಿಗೆ ಸರಿಯಲ್ಲ. ಆ ವಾರ ಟ್ಯಾಂಕಿನ ನೀರು ಬದಲಿಸುವುದಿದ್ದರೆ ಆಂಟಿ ಕ್ಲೋರಿನ್ ಹಾಕಿಯೇ ಬದಲಿಸಿ.

ಚೆಲ್ಲುವ ನೀರು ಎಲ್ಲಿಗೆ ಹೋಗುತ್ತದೆ?

ರೋಗದ ಟ್ಯಾಂಕಿನ ನೀರನ್ನು, ಬ್ಲೀಚಿಂಗ್ ನೀರನ್ನು ತೋಡಿಗೆ ಬಿಡಬೇಡಿ. ನಮ್ಮ ತೋಡುಗಳೆಲ್ಲ ಕೊನೆಗೆ ಸೇರುವುದು ನೇತ್ರಾವತಿಗೋ ಫಲ್ಗುಣಿಗೋ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಪೆರುವೊಳು ಮೀನಿಗೆ ನಮ್ಮವರು ಅಕ್ಕಿ, ಪುರಿ ಹಾಕಿ ಕೈಮುಗಿಯುತ್ತಾರೆ. 1996ರಲ್ಲಿ ಯಾರೋ ವಿಷ ಹಾಕಿ ಅಲ್ಲಿ ಸಾವಿರಾರು ಮೀನು ಸತ್ತವು, ಅದರ ನೆನಪಿಗೆ ಕಟ್ಟಿದ ಸ್ಮಾರಕವೂ ಉಂಟು. ಮೂಡುಬಿದಿರೆ ಅಂದರೆ ಹದಿನೆಂಟು ಬಸದಿ, ಹದಿನೆಂಟು ಕೆರೆಯ ಊರು ಎನ್ನುವ ಮಾತಿದೆ. ಇಷ್ಟು ನೀರಿನ ನಡುವೆ ಬದುಕುವ ನಾವು ಒಂದು ಬಾಲ್ದಿ ನೀರು ಎಲ್ಲಿ ಚೆಲ್ಲಬೇಕು ಅಂತ ಯೋಚಿಸಬೇಕು.

ರೋಗ ಹರಡುವುದು ಹೆದರಿಸಲು ಹೇಳುವ ಕಥೆಯಲ್ಲ. ಮೈಯಲ್ಲಿ ಹುಣ್ಣಾಗಿ ಗದ್ದೆ, ಹೊಳೆಯ ಮೀನು ಸಾಯುವ ರೋಗವೊಂದು 1988ರಲ್ಲಿ ಭಾರತದ ಈಶಾನ್ಯ ರಾಜ್ಯಗಳಿಗೆ ಬಂತು. 1991ಕ್ಕೆ ಕೇರಳದ ವೆಂಬನಾಡು ಕಾಯಲಿನಲ್ಲಿತ್ತು. ದೇಶದ ಆ ತುದಿಯಿಂದ ಈ ತುದಿಗೆ ಮೂರು ವರ್ಷ.

ಬ್ಲೀಚಿಂಗ್ ನೀರನ್ನು ಒಂದೆರಡು ದಿನ ಬಿಸಿಲಿಗೆ ತೆರೆದಿಟ್ಟು, ಬಾವಿ, ತೋಡು, ಗಿಡದ ಬುಡದಿಂದ ದೂರ, ಒಣ ನೆಲಕ್ಕೆ ಚೆಲ್ಲಿ. ಸತ್ತ ಮೀನನ್ನು ಸುಣ್ಣ ಹಾಕಿ ಹೂಳಿ. ಸಾಕಿ ಬೇಜಾರಾದ ಮೀನನ್ನು ಕೆರೆಗೆ ಬಿಡುವ ಪುಣ್ಯದ ಕೆಲಸ ಖಂಡಿತ ಬೇಡ. ಟ್ಯಾಂಕಿನ ಗಾಜು ನೆಕ್ಕುವ ಸಕ್ಕರ್ ಮೀನು ಹೀಗೆಯೇ ಹೊರಗೆ ಹೋಗಿ ಕೇರಳ, ಆಂಧ್ರದ ನೀರಿನಲ್ಲಿ ಬಲೆ ಹರಿಯುವ ಉಪದ್ರವಾಗಿ ಕೂತಿದೆ.

ಒಮ್ಮೆಲೇ ತುಂಬಾ ಮೀನು ಸತ್ತರೆ ಸುಮ್ಮನಿರಬೇಡಿ. ಕೇಂದ್ರ ಸರಕಾರ 2023ರಲ್ಲಿ 'ರಿಪೋರ್ಟ್ ಫಿಶ್ ಡಿಸೀಸ್' ಎನ್ನುವ ಮೊಬೈಲ್ ಆ್ಯಪ್ ತಂದಿದೆ, ರೋಗದ ಫೋಟೋ ಕಳಿಸಿ ತಿಳಿದವರ ಸಲಹೆ ಕೇಳಲು. ನಮಗೆ ಹತ್ತಿರದಲ್ಲೇ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಅಡಿಕೆಗೆ ಏನಾದರೂ ಬಂದರೆ ವಿಟ್ಲದ ಸಿಪಿಸಿಆರ್‌ಐಗೆ ಓಡುವ ನಾವು ಮೀನಿಗೆ ಮಾತ್ರ ಯೂಟ್ಯೂಬ್ ನೋಡಿ ಮದ್ದು ಮಾಡುವುದು ಯಾಕೆ?

ಮಾರುವವರ ಜವಾಬ್ದಾರಿ

ಕೊನೆಗೆ ನನ್ನ ಕಥೆಗೆ ಬರ್ತೇನೆ. ಮೀನು ಸಾಯ್ತಾ ಇದ್ದ ದಿನಗಳಲ್ಲಿ ಮೂಡುಬಿದಿರೆಯವರಿಗೆ ಫೋನ್ ಮಾಡಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ಹೇಳಿದರೆ ಹಣ ವಾಪಸ್ ಕೇಳಿದರೆ? ಇನ್ನು ಮೀನೇ ತಗೊಳ್ಳದಿದ್ದರೆ? ಮೂರನೇ ದಿನ ಮಾಡಿದೆ. ಅಷ್ಟರಲ್ಲಿ ಅವರ ಎರಡು ಟ್ಯಾಂಕಿಗೆ ರೋಗ ಹತ್ತಿತ್ತು. "ಎರಡು ದಿನ ಮೊದಲು ಹೇಳಿದ್ದರೆ ಒಂದಾದರೂ ಉಳೀತಿತ್ತು ಮಾರಾಯ್ರೆ" ಅಂದರು, ಅಷ್ಟೇ. ಹಣ ವಾಪಸ್ ಕೊಟ್ಟೆ. ಅತ್ತಿಗೆಯ ಮಗ ಮಾತ್ರ ಆಮೇಲೆ ಮೀನು ಸಾಕಲೇ ಇಲ್ಲ, ಟ್ಯಾಂಕಿನಲ್ಲಿ ಈಗ ಅವನ ಕ್ರಿಕೆಟ್ ಬಾಲ್ ಇಟ್ಟಿದ್ದಾನೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ಮನೆಗೆ ನಾಲ್ಕು ಮೀನು ತರುವವರು ಟಬ್ ಇಡುವುದು ಅವರ ಲಾಭಕ್ಕೆ. ಮಾರುವ ನಮಗೆ ಮಾತ್ರ ಅದು ಕಡ್ಡಾಯ ಆಗಬೇಕು. ಹೊಸ ಮೀನು ಬಂದ ಮೇಲೆ ಅದರ ಟಬ್ಬಿನಿಂದ ನಾಲ್ಕು ವಾರ ಒಂದು ಮೀನೂ ಹೊರಗೆ ಹೋಗಬಾರದು. ಕೊಳ್ಳುವವರು ಕೇಳದಿದ್ದರೂ ಯಾವ ದಿನ ತಂದದ್ದು ಅಂತ ಹೇಳಬೇಕು. ರೋಗ ಕಂಡ ಗಂಟೆಯಲ್ಲೇ ಹಿಂದಿನ ಒಂದು ತಿಂಗಳಲ್ಲಿ ಕೊಂಡವರಿಗೆಲ್ಲ ಫೋನ್ ಮಾಡಬೇಕು.

"ನಾಲ್ಕು ವಾರ ಕಾದರೆ ವ್ಯಾಪಾರ ನಡೆಯುವುದು ಹೇಗೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನನಗೂ ತಿಂಗಳಿಗೆ ಸ್ವಲ್ಪ ಗಿರಾಕಿ ತಪ್ಪಿಹೋಗುತ್ತಾರೆ. ಆದರೆ ಆಟಿಯ ಆ ಹತ್ತು ದಿನದಲ್ಲಿ ಹೋದದ್ದನ್ನು ಸರಿ ಮಾಡಲು ನನಗೆ ಎಂಟು ತಿಂಗಳು ಹಿಡಿಯಿತು. ಈಗ ನನ್ನ ಹಟ್ಟಿಯ ಬದಿಯಲ್ಲಿ ಎರಡು ನೀಲಿ ಟಬ್ ಉಂಟು, ಮುಚ್ಚಳದ ಮೇಲೆ ಚಾಕ್‌ನಲ್ಲಿ ಮೀನು ತಂದ ತಾರೀಕು ಬರೆದಿರುತ್ತೇನೆ. ಮೂಡುಬಿದಿರೆಯವರು ಈಗಲೂ ನನ್ನ ಹತ್ತಿರವೇ ಮೀನು ತಗೊಳ್ತಾರೆ. ಬಂದಾಗ ಮೊದಲು ನೋಡುವುದು ಮೀನನ್ನಲ್ಲ, ಆ ತಾರೀಕನ್ನು.